ಕತ್ತರಿ ಹಿಡಿದವರ ಬುದ್ಧಿ

ಬೇರೆಯವರ ಬುದ್ಧಿಯನ್ನು ತೂಗಿ ನೋಡುವುದರಲ್ಲಿ ನಮಗಿರುವ ಉತ್ಸಾಹ ನಮ್ಮ ಬುದ್ಧಿಯನ್ನು ಉಪಯೋಗಿಸುವುದರಲ್ಲೂ ಇದ್ದಿದ್ದರೆ ಎಂದು ಸ್ಟಾಫ್ ರೂಮಿನಲ್ಲಿ ಕುಳಿತು ಎಷ್ಟೋ ಸಲ ಅಂದುಕೊಂಡಿದ್ದೇನೆ. "ಆ ಹುಡುಗ ಬಲು ಶಾರ್ಪು", "ಈ ಹುಡುಗೀದು ಬರೀ ಬಾಯಿಪಾಠ", "ಅವನ ತಲೇಲಿ ಏನೂ ಇಲ್ಲ, ಅವರಪ್ಪನಿಗೂ ಇರಲಿಲ್ಲ" – ಮೂವತ್ತು ವರ್ಷದಿಂದ ಇದನ್ನೇ ಕೇಳುತ್ತ ಬಂದವಳು ನಾನು. ಮದುವೆ ಮನೆಯಲ್ಲಿ ಹೆಣ್ಣಿನ ಬಣ್ಣ, ಸ್ಟಾಫ್ ರೂಮಿನಲ್ಲಿ ಮಕ್ಕಳ ತಲೆ. ಮಾತಿಗೆ ಎಂದೂ ಬರವಿಲ್ಲ. ಆದರೆ ನಾವು ಯಾರೂ ಎದುರಿಗೆ ಕಾಣದ, ಏಳು ಸಮುದ್ರದಾಚೆಯ ಒಬ್ಬ ಮನುಷ್ಯನ ತಲೆಯನ್ನು ನಮ್ಮ ಮನೆಯ ಹಾಲಿನಲ್ಲಿ ಇಡೀ ಒಂದು ದಸರಾ ರಜೆ ತೂಗುತ್ತಾರೆಂದು ಮಾತ್ರ ನಾನು ಎಣಿಸಿರಲಿಲ್ಲ.

ಆ ಮನುಷ್ಯನ ಹೆಸರು ಬಿಲ್ ವರ್ಟ್ಸ್. ಅಮೆರಿಕದವನು. ವೀಡಿಯೋ ಮಾಡಿ ಯೂಟ್ಯೂಬಿಗೆ ಹಾಕುತ್ತಾನೆ. ರಜೆಗೆ ಬಂದಿದ್ದ ನಮ್ಮಕ್ಕನ ಮಗ, ಎಂಜಿನಿಯರಿಂಗ್ ಓದುವವನು, ಟೀವಿಗೆ ಅದೇನೋ ಸಿಕ್ಕಿಸಿ, "ಚಿಕ್ಕಮ್ಮ, ನೀನು ವರ್ಷವೆಲ್ಲ ಎಳೆಯೋ ಪಾಠಾನ ಇವನು ಹತ್ತೊಂಬತ್ತು ನಿಮಿಷದಲ್ಲಿ ಮುಗಿಸ್ತಾನೆ, ಬಾ ನೋಡು" ಎಂದ. ಸಮಾಜ ವಿಜ್ಞಾನ ಹೇಳಿಕೊಡುವವಳಿಗೆ ಇದಕ್ಕಿಂತ ದೊಡ್ಡ ಸವಾಲು ಬೇಕೆ? ಒಗ್ಗರಣೆ ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಬಂದು ನಿಂತೆ.

ಅದು ಇಡೀ ಪ್ರಪಂಚದ ಇತಿಹಾಸ. 2017ರ ಮೇ ತಿಂಗಳಲ್ಲಿ ಬಂದದ್ದಂತೆ. ಅದಕ್ಕೆ ಮೊದಲು, 2016ರ ಫೆಬ್ರುವರಿಯಲ್ಲಿ, ಜಪಾನಿನ ಇತಿಹಾಸವನ್ನು ಒಂಬತ್ತು ನಿಮಿಷದಲ್ಲಿ ಹೇಳಿ ಹೆಸರು ಮಾಡಿದ್ದ. ಬ್ರಹ್ಮಾಂಡ ಹುಟ್ಟುವ ಮೊದಲಿನಿಂದ ಶುರುಮಾಡಿ ನಮ್ಮ ಕಾಲದವರೆಗೆ ಬರುತ್ತಾನೆ. ಒಂದು ಸಾಮ್ರಾಜ್ಯ ಏಳುತ್ತದೆ, ನಾಲ್ಕು ಸ್ವರದ ಒಂದು ಚುಟುಕು ಹಾಡು ಬರುತ್ತದೆ, ಸಾಮ್ರಾಜ್ಯ ಬಿದ್ದೇಹೋಗುತ್ತದೆ. ಬಣ್ಣಬಣ್ಣದ ಅಕ್ಷರಗಳು ಜಾತ್ರೆಯ ಪಟಾಕಿಯ ಹಾಗೆ ಸಿಡಿದು ಮಾಯವಾಗುತ್ತವೆ. ತಮಿಳು ರಾಜರು ಬಂದರು, ಅವರ ಮಸಾಲೆ ಪದಾರ್ಥದ ಮಾತೂ ಬಂತು. ನಮ್ಮ ಪುಲಿಕೇಶಿ ಎಲ್ಲಿ ಎಂದು ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಇನ್ನೂರು ವರ್ಷ ದಾಟಿಹೋಗಿತ್ತು. ಸುಳ್ಳೇಕೆ, ನಾನು ನಕ್ಕೆ. ಒಗ್ಗರಣೆ ಸೀದದ್ದೂ ಗೊತ್ತಾಗಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಈ ಬರಹವೂ ಇರುತ್ತಿರಲಿಲ್ಲ. ಅಕ್ಕನ ಮಗನ ಜೊತೆ ಅವನ ಇಬ್ಬರು ಸ್ನೇಹಿತರು ದಿನಾ ಸಂಜೆ ಸೇರುತ್ತಿದ್ದರು. ಮೂವರೂ ಈ ವರ್ಟ್ಸನ ಪರಮಭಕ್ತರು. ವೀಡಿಯೋಗಿಂತ ಹೆಚ್ಚಾಗಿ ಅವರಿಗೆ ಬೇಕಾಗಿದ್ದುದು ಅವನ ತಲೆ. ಬರೆಯುವವನೂ ಅವನೇ, ಹಾಡುವವನೂ ಅವನೇ, ಚಿತ್ರ ಬಿಡಿಸಿ ಓಡಿಸುವವನೂ ಅವನೇ, ಕೊನೆಗೆ ಎಲ್ಲವನ್ನೂ ಕತ್ತರಿಸಿ ಜೋಡಿಸುವವನೂ ಅವನೇ. ಹಾಗಾದರೆ ಅವನೆಂಥ ಮನುಷ್ಯ? "ಐಕ್ಯೂ ನೂರ ಅರವತ್ತಕ್ಕೆ ಕಡಿಮೆ ಇರೋಕೆ ಸಾಧ್ಯವೇ ಇಲ್ಲ" ಎಂದು ಒಬ್ಬ. "ಅವನಿಗೆ ಒಂದು ಸಲ ಓದಿದ್ದು ಮರೆಯೋದೇ ಇಲ್ಲ ಅನ್ಸುತ್ತೆ" ಎಂದು ಇನ್ನೊಬ್ಬ. "ಅವನ ಮೆದುಳೇ ಬೇರೆ ಥರ ಕಣೋ, ನಮ್ಮಂಥೋರಿಗೆಲ್ಲ ಅದು ಆಗಲ್ಲ" ಎಂದು ನಮ್ಮವನ ತೀರ್ಪು. ಪಾಪ, ಐಕ್ಯೂ ಲೆಕ್ಕಕ್ಕೆ ದಾರಿ ಹಾಕಿಕೊಟ್ಟ ಆಲ್‌ಫ್ರೆಡ್ ಬಿನೆ ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದನೋ. ಬಿ.ಎಡ್. ಓದಿದವರಿಗೆಲ್ಲ ಆತ ಗೊತ್ತು. 1905ರಲ್ಲಿ ಪ್ಯಾರಿಸ್ಸಿನಲ್ಲಿ ಅವನು ಮತ್ತು ಸಿಮೋನ್ ಸೇರಿ ಆ ಪರೀಕ್ಷೆ ಮಾಡಿದ್ದು ಯಾವ ಮಗುವಿಗೆ ಹೆಚ್ಚಿನ ಸಹಾಯ ಬೇಕೆಂದು ತಿಳಿಯಲು. ನಡುಮನೆಯಲ್ಲಿ ಚುರುಮುರಿ ತಿನ್ನುತ್ತ ಕಾಣದವರಿಗೆ ನಂಬರು ಹಾಕಲಿ ಎಂದಲ್ಲ.

ಮಾತು ಮಾತಾಗಿಯೇ ಇದ್ದಿದ್ದರೆ ನಾನೂ ಚುರುಮುರಿ ಕಲಸಿಕೊಟ್ಟು ಸುಮ್ಮನಿರುತ್ತಿದ್ದೆ. ಆದರೆ ಮೂಲೆಯಲ್ಲಿ ಇನ್ನೊಬ್ಬಳು ಕುಳಿತಿದ್ದಳು. ನಮ್ಮ ಹಿಂದಿನ ಮನೆಯ ಹುಡುಗಿ, ನಮ್ಮ ಶಾಲೆಯಲ್ಲೇ ಒಂಬತ್ತನೆಯ ತರಗತಿ. ಅವಳ ತಾಯಿ ಬ್ಲೌಸ್ ಹೊಲಿದು ಮನೆ ನಡೆಸುವಾಕೆ. ನಮ್ಮೂರ ಕೆರೆ ಏರಿಯ ಮೇಲೆ ಒಂದು ವೀರಗಲ್ಲಿದೆ. ದನ ಕಟ್ಟಲು ಅದನ್ನು ಬಳಸುತ್ತಾರೆ. ಅದರ ಮೇಲೆ ಪುಟ್ಟ ವೀಡಿಯೋ ಮಾಡುತ್ತೇನೆ ಎಂದು ಅವಳು ತಾಯಿಯ ಮೊಬೈಲಿನಲ್ಲಿ ಎರಡು ವಾರ ಓಡಾಡಿದ್ದಳು. ಏರಿಯ ಮೇಲಿನ ಅಜ್ಜನನ್ನು ಮಾತಾಡಿಸಿದ್ದಳು, ನನ್ನನ್ನೂ ಕಲ್ಲಿನ ಪಕ್ಕ ನಿಲ್ಲಿಸಿ ಪಾಠ ಹೇಳಿಸಿದ್ದಳು. ರಜೆ ಮುಗಿಯುವ ಹೊತ್ತಿಗೆ ಎಲ್ಲಿಗೆ ಬಂತೇ ಎಂದು ಕೇಳಿದರೆ, "ಅದು ಬಿಟ್ಟುಬಿಟ್ಟೆ ಮಿಸ್. ಅದಕ್ಕೆಲ್ಲ ಅಂಥ ತಲೆ ಬೇಕಂತೆ. ಅಣ್ಣಂದಿರು ಹೇಳ್ತಿದ್ರಲ್ಲ" ಎಂದಳು. ಬೇಸರವೂ ಇಲ್ಲದ ದನಿ. ಮಳೆ ಬರ್ತಿದೆ, ಬಟ್ಟೆ ಒಳಗೆ ತಂದೆ ಎನ್ನುವ ಹಾಗೆ.

ನನಗೆ ಸಿಟ್ಟು ಬಂತು. ಹುಡುಗರ ಮೇಲಲ್ಲ, ಅವರು ಯಾರನ್ನೂ ಬೈದಿರಲಿಲ್ಲ, ಹೊಗಳಿದ್ದರು ಅಷ್ಟೆ. ಹೊಗಳಿಕೆಗೂ ಹೀಗೊಂದು ಬಾಗಿಲು ಮುಚ್ಚುವ ಶಕ್ತಿ ಇದೆಯಲ್ಲ, ಅದರ ಮೇಲೆ. 1998ರಲ್ಲಿ ಅಮೆರಿಕದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಇಬ್ಬರು ಹೆಂಗಸರು ಐದನೇ ತರಗತಿಯ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿ ಪ್ರಕಟಿಸಿದರು. ಮಕ್ಕಳಿಗೆ ಕೆಲವು ಒಗಟಿನಂಥ ಲೆಕ್ಕ ಕೊಟ್ಟು, ಒಂದಷ್ಟು ಮಕ್ಕಳಿಗೆ "ನೀನು ಜಾಣ" ಎಂದರು, ಇನ್ನೊಂದಷ್ಟು ಮಕ್ಕಳಿಗೆ "ಚೆನ್ನಾಗಿ ಶ್ರಮಪಟ್ಟಿದ್ದೀಯ" ಎಂದರು. ಜಾಣರೆನಿಸಿಕೊಂಡವರು ಆಮೇಲೆ ಸುಲಭದ್ದನ್ನೇ ಹುಡುಕಿದರಂತೆ. ನಡುವೆ ಒಂದು ಕಷ್ಟದ್ದು ಬಂದು ಸೋತಮೇಲೆ, ಮೊದಲು ಮಾಡಿದಂಥ ಲೆಕ್ಕವನ್ನೂ ಕೆಡಿಸಿದರಂತೆ. ಜಾಣ ಎಂದರೇ ಇಷ್ಟು ಅಪಾಯ! ಇನ್ನು ಬೇರೆ ಯಾರನ್ನೋ ಹುಟ್ಟುಜಾಣ ಎಂದು ಎತ್ತಿ ಕೂರಿಸಿದರೆ, ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡ ಮಗುವಿಗೆ ಏನಾಗಬಹುದು? ಅದಕ್ಕೆ ಪ್ರಯೋಗ ಬೇಡ, ನನ್ನೆದುರಿಗೇ ಇತ್ತು.

ಅಂದು ರಾತ್ರಿ ಹುಡುಗರನ್ನೇ ಕೇಳಿದೆ, "ಆ ಪ್ರಪಂಚದ ಇತಿಹಾಸ ಮಾಡೋಕೆ ಅವನಿಗೆ ಎಷ್ಟು ದಿನ ಹಿಡೀತು?" ಹುಡುಕಿ ನೋಡಿ ಹೇಳಿದರು – ಹತ್ತಿರ ಹತ್ತಿರ 11 ತಿಂಗಳು. ಒಂದು ಮಗು ಹೊಟ್ಟೆಯಲ್ಲಿ ಇರುವುದಕ್ಕಿಂತ ಎರಡು ತಿಂಗಳು ಹೆಚ್ಚು! ಹತ್ತೊಂಬತ್ತು ನಿಮಿಷಕ್ಕೆ ಹನ್ನೊಂದು ತಿಂಗಳು. ನಾನು ವರ್ಷವೆಲ್ಲ ಎಳೆಯುತ್ತೇನೆ ಎಂದು ಹಂಗಿಸಿದನಲ್ಲ, ಅವನೂ ಹೆಚ್ಚು ಕಡಿಮೆ ಅಷ್ಟೇ ಎಳೆದಿದ್ದಾನೆ. ಎಳೆದದ್ದು ನಮಗೆ ಕಾಣಿಸದ ಹಾಗೆ ಮಾಡಿದ್ದಾನೆ, ಅಷ್ಟೇ ವ್ಯತ್ಯಾಸ. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಇಷ್ಟು ಹೆಸರಾದ ಮೇಲೆ, 2019ರಿಂದಾಚೆ ಒಂದಷ್ಟು ಕಾಲ ಅವನು ಹೊಸ ವೀಡಿಯೋ ಹಾಕಲೇ ಇಲ್ಲ. ಮೂರು ಆಯಾಮದ ಚಿತ್ರ ಮಾಡುವುದನ್ನು ಕಲಿಯಲು ಕೂತಿದ್ದ. 2021ರ ಮಾರ್ಚಿನಲ್ಲಿ ಆ ಹೊಸ ವಿದ್ಯೆಯೊಂದಿಗೆ ವಾಪಸು ಬಂದ. ಎಲ್ಲ ಬರುವ ತಲೆಯಾಗಿದ್ದರೆ ಮತ್ತೆ ವಿದ್ಯಾರ್ಥಿಯಾಗುವ ಕಷ್ಟ ಯಾಕೆ ಬೇಕಿತ್ತು?

ಸಂಕಲನವೆಂಬ ಈ ಕೆಲಸದ ಕಣ್ಕಟ್ಟೇ ಅಂಥದ್ದು. ಇಂಥ ವೀಡಿಯೋಗಳಲ್ಲಿ ಮಾತಿನ ನಡುವಿನ ಉಸಿರು, ತಡವರಿಕೆ, "ಅದೇನಪ್ಪಾ ಅಂದ್ರೆ" ಎನ್ನುವ ಎಳೆತ ಎಲ್ಲವನ್ನೂ ಕತ್ತರಿಸಿ ಎಸೆದಿರುತ್ತಾರೆ. ಉಳಿದ ಮಾತು ಬಾಣದ ಹಾಗೆ ಬರುತ್ತದೆ. ಮಾತಿನ ಆ ವೇಗವನ್ನೇ ನಾವು ಬುದ್ಧಿಯ ವೇಗ ಎಂದುಕೊಳ್ಳುತ್ತೇವೆ. ಇದು ಇವತ್ತಿನ ಭ್ರಮೆಯೂ ಅಲ್ಲ. 1920ರ ಸುಮಾರಿನಲ್ಲಿ ರಷ್ಯಾದ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದನೆಂದು ಸಿನಿಮಾ ಓದುವವರೆಲ್ಲ ಹೇಳುತ್ತಾರೆ. ಇವಾನ್ ಮೊಝುಖಿನ್ ಎಂಬ ನಟನ ಭಾವವೇ ಇಲ್ಲದ ಮುಖದ ಒಂದು ತುಣುಕು. ಅದನ್ನೇ ಒಮ್ಮೆ ಸೂಪಿನ ಬಟ್ಟಲಿನ ಪಕ್ಕಕ್ಕೆ, ಒಮ್ಮೆ ಶವಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿ ತೋರಿಸಿದ. ನೋಡಿದವರು ಆಹಾ ಎಂಥ ಹಸಿವು, ಆಹಾ ಎಂಥ ದುಃಖ ಎಂದು ನಟನ ಪ್ರತಿಭೆಯನ್ನು ಕೊಂಡಾಡಿದರಂತೆ. ಮುಖ ಮಾತ್ರ ಅದೇ ಮುಖ! ಅಂದು ಹೊಗಳಿಕೆ ಕತ್ತರಿಯನ್ನು ತಪ್ಪಿಸಿಕೊಂಡು ಮುಖಕ್ಕೆ ಹೋಯಿತು. ಇಂದು ಕತ್ತರಿ ಹಿಡಿದವನಿಗೇ ಬಂದಿದೆ ನಿಜ, ಆದರೆ ಅವನ ಕೈಗಲ್ಲ, ಹುಟ್ಟುತ್ತಲೇ ಬಂತೆಂದು ನಾವು ಊಹಿಸಿಕೊಂಡ ಅವನ ತಲೆಗೆ.

ಇದನ್ನೆಲ್ಲ ಓದುತ್ತ ಹೋದಾಗ ನನ್ನ ಕಣ್ಣಿಗೆ ಬಿದ್ದವರು ಹೆಂಗಸರು. ಮೂಕಿ ಚಿತ್ರಗಳ ಕಾಲದಲ್ಲಿ ಹಾಲಿವುಡ್ಡಿನ ಫಿಲಂ ಕತ್ತರಿಸುವ ಕೋಣೆಗಳಲ್ಲಿ ಹೆಂಗಸರು ಬಹಳ ಮಂದಿ ಇದ್ದರು. ಕತ್ತರಿಸು, ಜೋಡಿಸು, ಅಂಟಿಸು. ಹೊಲಿಗೆಯಂಥ ಕೆಲಸ, ಹೆಂಗಸರು ಮಾಡಿಕೊಂಡಿರಲಿ ಎಂಬ ಭಾವನೆ. ಮಾರ್ಗರೆಟ್ ಬೂತ್ ಎಂಬಾಕೆ 1915ರಲ್ಲಿ ಹೀಗೆ ಕೆಲಸಕ್ಕೆ ಸೇರಿದ ಹುಡುಗಿ. ಆಗ ಫಿಲಮಿನ ಅಂಚಿನಲ್ಲಿ ನಂಬರು ಇರುತ್ತಿರಲಿಲ್ಲ. ನಟಿಯ ಮುಖವೇ ತುಂಬಿದ ಮಾರುದ್ದದ ಪಟ್ಟಿಗಳನ್ನು ಬರಿಗಣ್ಣಿನಲ್ಲಿ ಒಂದಕ್ಕೊಂದು ತಾಳೆ ಹಾಕಬೇಕು. ನೆಗೆಟಿವಿನ ಮೇಲೆ ಎಲ್ಲೋ ಸೂಜಿಮೊನೆಯಷ್ಟು ಚುಕ್ಕೆ ಸಿಕ್ಕರೆ ಇದೇ ಅದು ಎಂದು ಖಾತ್ರಿ. ಅಕ್ಕಿಯಲ್ಲಿ ಕಲ್ಲು ಆರಿಸಿದವರಿಗೆ ಇದು ಅರ್ಥವಾದೀತು. ಆಕೆ ಮುಂದೆ ಎಂಜಿಎಂ ಎಂಬ ದೊಡ್ಡ ಸ್ಟುಡಿಯೋದ ಸಂಕಲನ ವಿಭಾಗವನ್ನೇ ವರ್ಷಗಟ್ಟಲೆ ನೋಡಿಕೊಂಡರು, 104 ವರ್ಷ ಬದುಕಿ 2002ರಲ್ಲಿ ತೀರಿಕೊಂಡರು. ನಮ್ಮಲ್ಲೇ ರೇಣು ಸಲೂಜಾ ಇದ್ದರಲ್ಲ. 1983ರ 'ಜಾನೆ ಭಿ ದೋ ಯಾರೋ', 1989ರ 'ಪರಿಂದಾ' ಚಿತ್ರಗಳ ಸಂಕಲನಕಾರ್ತಿ. 2000ದಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ಹೋದರು. 'ಪರಿಂದಾ'ಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಆದರೆ ಆಕೆಯ ತಲೆ ಎಂಥದ್ದಿರಬಹುದು ಎಂದು ಯಾರ ಮನೆಯ ಹಾಲಿನಲ್ಲೂ ಹುಡುಗರು ಚುರುಮುರಿ ತಿನ್ನುತ್ತ ವಾದಿಸಿದ್ದನ್ನು ನಾನು ಕೇಳಿಲ್ಲ.

ಥೆಲ್ಮಾ ಸ್ಕೂನ್‌ಮೇಕರ್ ಅವರ ಮಾತೊಂದು ಪ್ರಸಿದ್ಧ. ಮಾರ್ಟಿನ್ ಸ್ಕಾರ್ಸೆಸಿಯ ಹೊಡೆದಾಟದ ಚಿತ್ರಗಳನ್ನು ಸಂಕಲಿಸಿ ಮೂರು ಆಸ್ಕರ್ ಪಡೆದ ಮೆದುಮಾತಿನ ಹೆಂಗಸು. ನಿಮ್ಮಂಥ ಸಾಧು ಹೆಂಗಸು ಇಷ್ಟು ಕ್ರೌರ್ಯದ ಚಿತ್ರಗಳನ್ನು ಹೇಗೆ ಸಂಕಲಿಸುತ್ತೀರಿ ಎಂದು ಕೇಳಿದರೆ, ನಾನು ಸಂಕಲಿಸುವವರೆಗೆ ಅವು ಕ್ರೂರವಾಗಿರುವುದಿಲ್ಲ ಎಂದರಂತೆ! ಗಂಡಸನ್ನು ನೋಡಿ ಇವನಿಗೆಷ್ಟು ಬುದ್ಧಿ ಎಂದು ಬೆರಗಾಗುವವರು, ಹೆಂಗಸನ್ನು ನೋಡಿ ಇವಳಿಗೆ ಹೇಗೆ ಸಾಧ್ಯವಾಯಿತು ಎಂದು ಕೇಳುತ್ತಾರೆ. ಎರಡರಲ್ಲೂ ಕೆಲಸವನ್ನು ನೋಡಿದವರಿಲ್ಲ.

ಮಾರನೆಯ ದಿನ ಹಿಂದಿನ ಮನೆಗೆ ಹೋದೆ. ಹುಡುಗಿಯ ತಾಯಿ ಬ್ಲೌಸ್ ಪೀಸು ಹರಡಿಕೊಂಡಿದ್ದರು. ಬಟ್ಟೆ ಎಂಬತ್ತು ಸೆಂಟಿಮೀಟರು, ಉಡುವಾಕೆಯ ತೋಳು ದಪ್ಪ, ಬಾರ್ಡರು ಎರಡೂ ಕೈಗೆ ಬರಬೇಕು. ಐದು ನಿಮಿಷ ಆ ಬಟ್ಟೆಯನ್ನು ಹೀಗೆ ಹಾಗೆ ತಿರುಗಿಸಿ ಸುಮ್ಮನೆ ನೋಡಿದರು, ಸೀಮೆಸುಣ್ಣದಲ್ಲಿ ಗೀಟು ಎಳೆದರು, ಆಮೇಲೆ ಕತ್ತರಿ ಹಾಕಿದರು. ಹುಡುಗಿಯನ್ನು ಕರೆದು, "ನಿಮ್ಮಮ್ಮನ ಐಕ್ಯೂ ಎಷ್ಟೇ?" ಎಂದೆ. ಕಿಸಕ್ಕನೆ ನಕ್ಕಳು. "ನಗಬೇಡ. ಆ ಅಮೆರಿಕದವನೂ ಮಾಡೋದು ಇದನ್ನೇ. ನಾವು ನೋಡೋದು ಹೊಲಿದ ಬ್ಲೌಸು. ನೆಲದ ಮೇಲೆ ಬಿದ್ದ ಚಿಂದಿ ಯಾರಿಗೂ ಕಾಣಲ್ಲ" ಎಂದೆ. ತಾಯಿಗೆ ಏನೂ ತಿಳಿಯದೆ, "ಏನು ಮಿಸ್, ಓದ್ತಿಲ್ವಾ ಇವಳು?" ಎಂದು ಗಾಬರಿಯಾದರು.

ಸಂಜೆ ಅವಳನ್ನೂ ಹುಡುಗರನ್ನೂ ಕೂರಿಸಿ ಆ ವೀಡಿಯೋದ ಒಂದೇ ಒಂದು ನಿಮಿಷವನ್ನು ನಿಧಾನಗತಿಯಲ್ಲಿ ಹಾಕಿಸಿದೆ. ಪ್ರತಿಯೊಂದು ಬದಲಾವಣೆಗೂ ಒಂದು ಹುಣಸೆಬೀಜ ಇಡಬೇಕು. ಚೌಕಾಬಾರದ ಡಬ್ಬಿಯ ಬೀಜವೆಲ್ಲ ಖಾಲಿಯಾಗಿ, ಕಡಲೆಬೀಜಕ್ಕೆ ಬಂದು, ಅದನ್ನು ಅಕ್ಕನ ಮಗ ತಿಂದು ಲೆಕ್ಕ ತಪ್ಪಿಹೋಯಿತು. ಅಕ್ಷರ ಬಂದದ್ದು, ಹೋದದ್ದು, ಬಣ್ಣ ತಿರುಗಿದ್ದು, ತಾಳಕ್ಕೆ ಸರಿಯಾಗಿ ಚಿತ್ರ ಮಿಡಿದದ್ದು. ಒಂದೊಂದನ್ನೂ ಯಾರೋ ಒಬ್ಬರು ಕೂತು ಇಟ್ಟದ್ದು. "ಇದನ್ನ ಮಾಡೋಕೆ ತಲೆಗಿಂತ ಬೆನ್ನು ಗಟ್ಟಿಯಿರಬೇಕು" ಎಂದ ಒಬ್ಬ. ಅಷ್ಟು ದಿನದ ಚರ್ಚೆಯಲ್ಲಿ ನನಗೆ ಸರಿಯೆನಿಸಿದ ಮೊದಲ ಮಾತು. ಬುದ್ಧಿ ಬೇಡವೆಂದು ನಾನೂ ಹೇಳುವುದಿಲ್ಲ. ಹತ್ತೊಂಬತ್ತು ನಿಮಿಷದಲ್ಲಿ ಏನನ್ನು ಬಿಡಬೇಕೆಂದು ಗೊತ್ತಾಗಲು ತುಂಬ ಓದಿರಬೇಕು. ಪೋರ್ಷನ್ ಮುಗಿಸಲು ಮಾರ್ಚಿನಲ್ಲಿ ಒದ್ದಾಡುವ ಯಾವ ಟೀಚರನ್ನಾದರೂ ಕೇಳಿ, ಬಿಡುವುದೇ ಕಷ್ಟ.

ಹುಡುಗಿ ಏನೂ ಹೇಳಲಿಲ್ಲ. ಬೀಜಗಳನ್ನು ಡಬ್ಬಿಗೆ ತುಂಬಿ ಮನೆಗೆ ಹೋದಳು. ಹದಿನೈದು ದಿನವಾದ ಮೇಲೆ ಒಂದು ಮಧ್ಯಾಹ್ನ ಊಟದ ಬೆಲ್ಲಿನಲ್ಲಿ ಮೊಬೈಲು ತಂದು ನನ್ನ ಮುಂದೆ ಹಿಡಿದಳು. ವೀರಗಲ್ಲಿನ ವೀಡಿಯೋ, ಎರಡು ನಿಮಿಷ ನಲವತ್ತು ಸೆಕೆಂಡು. ಕೆರೆಯ ನೀರು, ಕಲ್ಲಿಗೆ ಕಟ್ಟಿದ ಎಮ್ಮೆ, ಎಮ್ಮೆ ಪಕ್ಕಕ್ಕೆ ಸರಿದಾಗ ಕಾಣುವ ಕತ್ತಿ ಹಿಡಿದ ಕೈ. ಅಜ್ಜನ ಮಾತು ಪೂರ್ತಿ ಇತ್ತು. ಕಲ್ಲಿನ ಪಕ್ಕ ಬಿಸಿಲಲ್ಲಿ ನಿಂತು ನಾನು ಅರ್ಧ ಗಂಟೆ ಹೇಳಿದ ಪಾಠದಲ್ಲಿ ಉಳಿದಿದ್ದುದು ಒಂದೇ ವಾಕ್ಯ.

"ಅಷ್ಟು ಹೊತ್ತು ಹೇಳಿದ್ದೆನಲ್ಲೇ?" ಎಂದೆ.

"ಹೌದು ಮಿಸ್, ಪೂರ್ತಿ ನಾಲ್ಕು ಸಲ ಕೇಳ್ದೆ. ಬೇಕಾಗಿದ್ದು ಅಷ್ಟೇ" ಎಂದಳು.