ಇಪ್ಪತ್ತನೇ ತಾರೀಖಿನ ಮದರ್‌ಬೋರ್ಡ್

ನಮ್ಮ ಮನೆಯ ಹಳೆಯ ಕಂಪ್ಯೂಟರಿನ ಡಬ್ಬಿ ಮುಟ್ಟಿದರೆ ಬೆರಳು ಜುಮ್ ಎನ್ನುತ್ತಿತ್ತು. ಚಪ್ಪಲಿ ಹಾಕಿಕೊಂಡು ಕೂತರೆ ಅಷ್ಟು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಎಲ್ಲರೂ ಚಪ್ಪಲಿ ಹಾಕಿಕೊಂಡೇ ಅದರ ಮುಂದೆ ಕೂರುವುದು ರೂಢಿಯಾಗಿತ್ತು. ಅದೊಂದು ಯೋಚಿಸಬೇಕಾದ ವಿಷಯ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಆ ಕಂಪ್ಯೂಟರ್ ನನ್ನದಲ್ಲ, ಆಪಾಳದು. ಬಿ.ಕಾಂ. ಮುಗಿಸಿರುವ ನನ್ನ ಅಕ್ಕ ಮನೆಯಲ್ಲೇ ಕೂತು ಆರು ಅಂಗಡಿಗಳ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆದು ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತಿದ್ದಳು. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. 20 ದಾಟಿದರೆ ದಿನಕ್ಕೆ 50 ರೂಪಾಯಿ ತಡಶುಲ್ಕ. ಕಳೆದ ವರ್ಷ ಒಂದು ತಿಂಗಳು 19ರ ಸಂಜೆ ನಾನು ಮೂರು ಗಂಟೆ ಗೇಮ್ ಆಡಿ ಎದ್ದೆ. ರಾತ್ರಿ ಊಟ ಮುಗಿಸಿ ಆಪಾ ಕೆಲಸಕ್ಕೆ ಕೂತಳು. ಹತ್ತು ನಿಮಿಷಕ್ಕೆ ಪರದೆ ಕಪ್ಪಾಯಿತು. ಫ್ಯಾನ್ ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು, ಬೇರೇನೂ ಇಲ್ಲ.

ಮರುದಿನ ರಿಪೇರಿಯವರು ಡಬ್ಬಿ ತೆರೆದು ತೋರಿಸಿದರು. ಪ್ರೊಸೆಸರ್ ಪಕ್ಕದಲ್ಲಿ ಪುಟ್ಟ ಡ್ರಮ್ಮಿನಂತೆ ನಿಂತಿದ್ದ ಕೆಪಾಸಿಟರ್‌ಗಳಲ್ಲಿ ಎರಡರ ತಲೆ ಉಬ್ಬಿತ್ತು. ಎಚ್61 ಚಿಪ್‌ಸೆಟ್‌ನ, ಯಾವ ಕಂಪನಿಯ ಹೆಸರೂ ಇಲ್ಲದ ಅಗ್ಗದ ಬೋರ್ಡ್ ಅದು. ಹಾರ್ಡ್ ಡಿಸ್ಕ್‌ನಲ್ಲಿದ್ದ ಲೆಕ್ಕ ಉಳಿಯಿತು. ಆದರೆ ಹಳೇ ಬೋರ್ಡ್ ಹುಡುಕಿ ಹಾಕಿಸುವಷ್ಟರಲ್ಲಿ ನಾಲ್ಕು ದಿನ ಕಳೆದವು. ತಡಶುಲ್ಕವನ್ನು ಆಪಾ ತನ್ನ ಕೈಯಿಂದಲೇ ಕಟ್ಟಿದಳು. ಮುಂದಿನ ತಿಂಗಳು ಎರಡು ಅಂಗಡಿಯವರು ಬೇರೆಯವರ ಬಳಿ ಹೋದರು. ನನ್ನ ಮೂರು ಗಂಟೆಯ ಆಟದ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ನಾನು ಎರಡು ಬೇಸಿಗೆ ರಜೆಯಲ್ಲಿ ಮಾಮಾನ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡಿದ ಹಣ, ಜೊತೆಗೆ ಈದಿ, ಎಲ್ಲ ಸೇರಿ 32,000 ರೂಪಾಯಿ ಗೇಮಿಂಗ್ ಕಂಪ್ಯೂಟರಿಗೆಂದು ಕೂಡಿಟ್ಟಿದ್ದೆ. ಈ ಮಾರ್ಚ್‌ನಲ್ಲಿ ಆಪಾ ತಾನಾಗಿಯೇ ಹೇಳಿದಳು: “ನಾನು 23,000 ಸೇರಿಸುತ್ತೇನೆ. ಇಬ್ಬರಿಗೂ ಒಂದೇ ಕಂಪ್ಯೂಟರ್ ಇರಲಿ. ನೀನು ಏನು ಬೇಕಾದರೂ ಆಡು. ಆದರೆ 20ನೇ ತಾರೀಖು ಅದು ಆನ್ ಆಗಬೇಕು.”

ನಾನು ಅದೇ ರಾತ್ರಿ ಪಟ್ಟಿ ಬರೆದೆ. ನಮ್ಮ ತರಗತಿಯಲ್ಲಿ ಗೇಮ್ ಆಡುವ ಯಾರನ್ನು ಕೇಳಿದರೂ ಒಂದೇ ಮಾತು: ಮದರ್‌ಬೋರ್ಡ್‌ನಿಂದ ಎಫ್‌ಪಿಎಸ್ ಹೆಚ್ಚುವುದಿಲ್ಲ, ಅಲ್ಲಿ ದುಡ್ಡು ಉಳಿಸಿ ಗ್ರಾಫಿಕ್ಸ್ ಕಾರ್ಡ್‌ಗೆ ಹಾಕು. ಮಾತು ಸುಳ್ಳಲ್ಲ. ಹಾಗಾಗಿ ಬೋರ್ಡ್‌ಗೆ ಅತಿ ಕಡಿಮೆ ಬೆಲೆಯ ಎ520 ಬರೆದು, ಉಳಿದದ್ದನ್ನೆಲ್ಲ ಗ್ರಾಫಿಕ್ಸ್ ಕಾರ್ಡ್‌ಗೆ ಸುರಿದೆ.

ಆಪಾ ಪಟ್ಟಿ ನೋಡಿ ಒಂದೇ ಪ್ರಶ್ನೆ ಕೇಳಿದಳು: “ಇದರಲ್ಲಿ ಯಾವುದು ಕೆಟ್ಟರೆ ನನ್ನ ಕೆಲಸ ನಿಲ್ಲುತ್ತದೆ?”

ಒಂದೊಂದೇ ಯೋಚಿಸಿದೆ. ರ‍್ಯಾಮ್ ಎರಡು ಕಡ್ಡಿ ಹಾಕಿದರೆ, ಒಂದು ಕೆಟ್ಟರೂ ಇನ್ನೊಂದರಲ್ಲಿ ನಡೆಯುತ್ತದೆ. ಎಸ್‌ಎಸ್‌ಡಿ ಹೋದರೆ ಲೆಕ್ಕದ ಪ್ರತಿ ಪೆನ್‌ಡ್ರೈವ್‌ನಲ್ಲಿ ಇರುತ್ತದೆ. ಪವರ್ ಸಪ್ಲೈ ಹೋದರೆ ದಾವಣಗೆರೆಯಲ್ಲೇ ಒಂದು ಗಂಟೆಯಲ್ಲಿ ಬೇರೆ ಸಿಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಹೋದರೆ? ನಾನು ಬರೆದಿದ್ದ ರೈಜನ್ 5 5600ರ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಬರುವುದಿಲ್ಲ. ಅದನ್ನು ಹೊಡೆದು ಹಾಕಿ 5600ಜಿ ಬರೆದೆ. ಗೇಮ್‌ನಲ್ಲಿ ಸ್ವಲ್ಪ ನಿಧಾನ, ಆದರೆ ಕಾರ್ಡ್ ಕೈಕೊಟ್ಟರೂ ಕೇಬಲ್ಲನ್ನು ಮದರ್‌ಬೋರ್ಡ್‌ನ ಎಚ್‌ಡಿಎಂಐಗೆ ಸಿಕ್ಕಿಸಿದರೆ ಟ್ಯಾಲಿ ನಡೆಯುತ್ತದೆ. ಕೊನೆಗೆ ಉಳಿದದ್ದು ಮದರ್‌ಬೋರ್ಡ್. ಅದಕ್ಕೆ ಬದಲಿ ದಾರಿಯೇ ಇಲ್ಲ. ಅದು ಕೆಟ್ಟರೆ ಎಲ್ಲವನ್ನೂ ಬಿಚ್ಚಬೇಕು. ನಾನು ಅತಿ ಕಡಿಮೆ ಹಣ ಇಟ್ಟದ್ದು ಅದಕ್ಕೇ.

ಆಮೇಲೆ ಬೋರ್ಡ್ ಬಗ್ಗೆ ಕಲಿಯತೊಡಗಿದೆ. ಪವರ್ ಸಪ್ಲೈ ಕೊಡುವುದು 12 ವೋಲ್ಟ್. ಪ್ರೊಸೆಸರ್ ಬಳಸುವುದು ಸುಮಾರು 1.2 ವೋಲ್ಟ್. ಇದನ್ನು ಇಳಿಸುವ ಭಾಗಕ್ಕೆ ವಿಆರ್‌ಎಂ ಎನ್ನುತ್ತಾರೆ. ಪ್ರೊಸೆಸರ್ 80 ವಾಟ್ ಎಳೆದರೆ 1.2 ವೋಲ್ಟ್‌ನಲ್ಲಿ ಅದು ಸುಮಾರು 67 ಆಂಪಿಯರ್ ಆಗುತ್ತದೆ. ಈ ಲೆಕ್ಕ ತಪ್ಪಿರಬೇಕೆಂದು ವಿಜ್ಞಾನ ವಿಭಾಗದ ಗೆಳೆಯನಿಗೆ ತೋರಿಸಿದೆ. ಸರಿಯಾಗಿಯೇ ಇತ್ತು. ನೀರು ಕಾಯಿಸುವ 2,000 ವಾಟ್‌ನ ಗೀಸರ್ ಕೂಡ 9 ಆಂಪಿಯರ್ ಎಳೆಯುವುದಿಲ್ಲ! ಅಷ್ಟು ಕರೆಂಟನ್ನು ವಿಆರ್‌ಎಂನ ಹಲವು ಫೇಸ್‌ಗಳು ಹಂಚಿಕೊಂಡು ಹೊರುತ್ತವೆ. ಫೇಸ್ ಕಡಿಮೆ ಇದ್ದು, ಮೇಲೆ ಹೀಟ್‌ಸಿಂಕ್ ಇಲ್ಲದಿದ್ದರೆ ಬಿಸಿ ಹೆಚ್ಚು. ಹಳೆಯ ಮಾದರಿಯ ಕೆಪಾಸಿಟರ್‌ಗಳ ಆಯುಷ್ಯ 10 ಡಿಗ್ರಿ ಬಿಸಿ ಏರಿದಂತೆಲ್ಲ ಸುಮಾರು ಅರ್ಧವಾಗುತ್ತದೆ ಎಂಬ ಅಂದಾಜು ಸೂತ್ರವಿದೆ. ನಮ್ಮದು ಶೀಟಿನ ಮನೆ. ದಾವಣಗೆರೆಯ ಏಪ್ರಿಲ್ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಎ520 ಕೆಟ್ಟ ಬೋರ್ಡ್ ಎಂದಲ್ಲ, ಹೀಟ್‌ಸಿಂಕ್ ಇಲ್ಲದ ಬೋರ್ಡ್ ನಮ್ಮ ಕೋಣೆಗೆ ಹೊಂದುವುದಿಲ್ಲ ಎಂದು ತೀರ್ಮಾನಿಸಿದೆ.

2022ರಲ್ಲಿ ಬಂದ ಎಎಂ5 ಸಾಕೆಟ್‌ನ ಬೋರ್ಡ್ ತೆಗೆದುಕೊಂಡರೆ ಮುಂದೆ ಹೊಸ ಪ್ರೊಸೆಸರ್ ಹಾಕಿಕೊಳ್ಳಬಹುದಿತ್ತು. ಆದರೆ ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ನಮ್ಮ 55,000ಕ್ಕೆ ನಿಲುಕಲಿಲ್ಲ. ಎಎಂ4 ಹಳೆಯದು, ಹೊಸ ಪೀಳಿಗೆಯ ಪ್ರೊಸೆಸರ್ ಅದಕ್ಕೆ ಬರುವುದಿಲ್ಲ. ಗೊತ್ತಿದ್ದೇ ಅದನ್ನು ಆರಿಸಿದೆ.

ಏಪ್ರಿಲ್‌ನ ಒಂದು ದಿನ ಅಬ್ಬಾ ಜೊತೆ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದೆ. ಅಂಗಡಿಯ ಗಾಜಿನೊಳಗೆ ಬಣ್ಣಬಣ್ಣದ ದೀಪ ಮಿನುಗುವ ಬೋರ್ಡ್ ನೋಡಿ ನನ್ನ ಮನಸ್ಸು ಮತ್ತೆ ಅಲುಗಾಡಿತು. ಅಬ್ಬಾ ಬೈಕ್ ಸೀಟ್ ಹೊಲಿಯುವವರು. ಅವರೆಂದರು: “ಗಿರಾಕಿ ಮೇಲಿನ ರೆಕ್ಸಿನ್ ನೋಡಿ ದುಡ್ಡು ಕೊಡುತ್ತಾನೆ. ಒಳಗಿನ ಫೋಮ್ ಎಂಥದ್ದೆಂದು ಎರಡು ವರ್ಷದ ಮೇಲೆ ಗೊತ್ತಾಗುತ್ತದೆ.” ನಾನು ದೀಪವಿಲ್ಲದ, ವಿಆರ್‌ಎಂ ಮೇಲೆ ದಪ್ಪ ಹೀಟ್‌ಸಿಂಕ್ ಇದ್ದ, ನಾಲ್ಕು ರ‍್ಯಾಮ್ ಸ್ಲಾಟ್‌ಗಳ ಬಿ550ಎಂ ಬೋರ್ಡ್ ಕೇಳಿದೆ. ಗ್ರಾಫಿಕ್ಸ್ ಕಾರ್ಡ್ ಒಂದು ಮೆಟ್ಟಿಲು ಕೆಳಗಿಳಿಯಿತು. 5600ಜಿ ಗುರುತಿಸುವ ಬಯಾಸ್ ಇದೆಯೇ ಎಂದು ಕೇಳಿ ಖಚಿತಪಡಿಸಿಕೊಂಡೆ. ಮೂರು ವರ್ಷದ ವಾರಂಟಿ. ಬೋರ್ಡ್‌ನ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲನ್ನು ಕೇಳಿ ಪಡೆದೆ. ಬಿಲ್ ಇಲ್ಲದೆ ಸ್ವಲ್ಪ ಕಡಿಮೆಗೆ ಕೊಡುತ್ತೇವೆ ಎಂದವರೂ ಅಲ್ಲಿದ್ದರು. ಆಪಾಳ ತಮ್ಮನಾಗಿ ಅದು ಸಾಧ್ಯವಿರಲಿಲ್ಲ.

ಹಣ ಎಣಿಸಿಕೊಳ್ಳುತ್ತ ಅಂಗಡಿಯವರು ಕೇಳಿದರು: “ಹಳೇ ಬೋರ್ಡ್ ಯಾಕೆ ಹೋಯಿತು?” ಅಗ್ಗದ್ದಾಗಿತ್ತು ಎಂದೆ. “ಕ್ಯಾಬಿನೆಟ್ ಮುಟ್ಟಿದರೆ ಶಾಕ್ ಬರುತ್ತಿತ್ತಾ?” ನಾನು ಅಬ್ಬಾ ಮುಖ ನೋಡಿದೆ. “ಮೊದಲು ಮನೆಯ ಅರ್ತಿಂಗ್ ನೋಡಿಸಿ, ಆಮೇಲೆ ಇದನ್ನು ಹಚ್ಚಿ” ಎಂದರು.

ಊರಿಗೆ ಬಂದ ಮೇಲೆ ಎಲೆಕ್ಟ್ರಿಷಿಯನ್ ಬಂದು ಫೇಸ್‌ಗೂ ಅರ್ತ್‌ಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದರು. ಬಲ್ಬ್ ಹೊತ್ತಲಿಲ್ಲ. ಸಾಕೆಟ್‌ನ ಮೂರನೇ ರಂಧ್ರದಿಂದ ಹೊರಟ ಹಸಿರು ತಂತಿ ಮೀಟರ್ ಬೋರ್ಡ್‌ವರೆಗೆ ಬಂದು ಅಲ್ಲೇ ನಿಂತಿತ್ತು. ನೆಲಕ್ಕೆ ಹೋಗಿರಲೇ ಇಲ್ಲ. ಮನೆ ಹಿಂದೆ ಗುಂಡಿ ತೋಡಿ, ಜಿಐ ಪೈಪ್ ಇಳಿಸಿ, ಇದ್ದಿಲು, ಉಪ್ಪು ತುಂಬಿ ತಂತಿ ಜೋಡಿಸಿದರು. ಆ ಖರ್ಚು ಅಬ್ಬಾ ಕೊಟ್ಟರು. ಹಳೇ ಬೋರ್ಡ್ ಸತ್ತದ್ದು ಅಗ್ಗದ್ದೆಂಬ ಕಾರಣಕ್ಕೋ, ಬಿಸಿಗೋ, ಅರ್ತಿಂಗ್ ಇಲ್ಲದ್ದಕ್ಕೋ ಈಗ ಹೇಳಲಾಗದು. ಆದರೆ ವರ್ಷವಿಡೀ ನಾನು ಬೋರ್ಡನ್ನು ಬೈದೆ, ಇಲ್ಲವೇ ನನ್ನ ಮೂರು ಗಂಟೆಯನ್ನು. ಬೆರಳು ಜುಮ್ ಎಂದು ಪ್ರತಿದಿನ ಹೇಳುತ್ತಿದ್ದುದನ್ನು ಮಾತ್ರ ಕೇಳಿಸಿಕೊಂಡಿರಲಿಲ್ಲ.

ನಮ್ಮ ಪಾಠದಲ್ಲಿ ಸವಕಳಿ ಬರುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇಕಡಾ 40 ಎಂದು ಆಪಾ ಹೇಳಿಕೊಟ್ಟಳು. ನಮ್ಮ ಕಂಪ್ಯೂಟರ್ ಪುಸ್ತಕದಲ್ಲಿ ಬೇಗ ಕರಗಲಿ, ಮೇಜಿನ ಮೇಲೆ ನಿಧಾನ ಕರಗಲಿ ಎಂಬುದು ನಮ್ಮಿಬ್ಬರ ಆಸೆ.

ಗೆಳೆಯರೇ, ನೀವೂ ಕಂಪ್ಯೂಟರ್ ಜೋಡಿಸುವುದಾದರೆ ಆಪಾಳ ಪ್ರಶ್ನೆಯನ್ನೇ ಮೊದಲು ಕೇಳಿಕೊಳ್ಳಿ: ಯಾವುದು ಕೆಟ್ಟರೆ ಎಲ್ಲವೂ ನಿಲ್ಲುತ್ತದೆ? ಹಣವನ್ನು ಅಲ್ಲಿಂದ ಹಂಚುತ್ತ ಬನ್ನಿ. ಬೋರ್ಡ್‌ನ ಬಿಲ್ಲು, ಡಬ್ಬಿ ಎರಡನ್ನೂ ಎತ್ತಿಡಿ. ಎಲ್ಲಕ್ಕೂ ಮೊದಲು ಗೋಡೆಯ ಮೂರನೇ ರಂಧ್ರ ನೋಡಿಸಿ.

ಹೊಸ ಕಂಪ್ಯೂಟರ್ ಬಂದ ಮೇಲೆ ನಾಲ್ಕು ಇಪ್ಪತ್ತನೇ ತಾರೀಖುಗಳು ಕಳೆದಿವೆ. ಬಿಟ್ಟುಹೋದ ಇಬ್ಬರಲ್ಲಿ ಒಬ್ಬ ಅಂಗಡಿಯವರು ಜೂನ್‌ನಲ್ಲಿ ಮರಳಿ ಬಂದರು. 19ರ ಸಂಜೆ ನಾನು ಗೇಮ್ ಆಡುವುದಿಲ್ಲ. ಆಪಾ ಅದನ್ನು ಕೇಳಿಲ್ಲ, ನಾನೇ ಇಟ್ಟುಕೊಂಡ ನಿಯಮ. ಅಮ್ಮಿ ಮಾತ್ರ ಕಂಪ್ಯೂಟರಿನ ಧೂಳು ಒರೆಸುವಾಗ ಇಂದಿಗೂ ಚಪ್ಪಲಿ ಹಾಕಿಕೊಳ್ಳುತ್ತಾರೆ.