ಫಿರಂಗಿ ಗುಡುಗುವ ಮುನ್ನ

ರಷ್ಯದ ಸಂಗೀತಕಾರ ಚೈಕೋವ್‌ಸ್ಕಿ 1880ರಲ್ಲಿ ‘1812’ ಎಂಬ ವಾದ್ಯವೃಂದದ ಕೃತಿ ಬರೆದಾಗ ಸ್ವರಗಳ ಜೊತೆ 16 ಫಿರಂಗಿ ಹೊಡೆತಗಳನ್ನೂ ಸೇರಿಸಿದ. ನೆಪೋಲಿಯನ್ನನ ಸೇನೆ ರಷ್ಯದಿಂದ ಸೋತು ಹಿಂದಿರುಗಿದ ಕಥೆಯದು. ಆದರೆ ಸಭಾಂಗಣದೊಳಗೆ ಫಿರಂಗಿ ಹಾರಿಸುವವರಾರು? ಎಷ್ಟೋ ಕಡೆ ದೊಡ್ಡ ನಗಾರಿಯೇ ಆ ಕೆಲಸ ಮಾಡುತ್ತಿತ್ತು.

1954ರಲ್ಲಿ ಅಮೆರಿಕದ ಮರ್ಕ್ಯುರಿ ಕಂಪೆನಿ ಹಟ ತೊಟ್ಟಿತು. ಅಂತಾಲ್ ದೊರಾಟಿ ನಿರ್ದೇಶನದ ಮಿನಿಯಾಪೊಲಿಸ್ ಸಿಂಫನಿಯ ವಾದನವನ್ನು ಒಂದೆಡೆ ಮುದ್ರಿಸಿಕೊಂಡರು. ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿದ್ದ ಹಳೆಯ ಫ್ರೆಂಚ್ ಫಿರಂಗಿಗೆ ಮದ್ದು ತುಂಬಿ ಹಾರಿಸಿದ್ದು ಇನ್ನೊಂದೆಡೆ. ಗಂಟೆಗಳ ನಾದ ಯೇಲ್ ವಿಶ್ವವಿದ್ಯಾಲಯದ ಗೋಪುರದ್ದು. ಆಮೇಲೆ ಟೇಪುಗಳನ್ನು ಕ್ಷಣ ತಪ್ಪದಂತೆ ಬೆರೆಸಿದರು. ಕಂಪ್ಯೂಟರಿನ ನೆರವಿಲ್ಲದ ಕಾಲ, ನೆನಪಿರಲಿ. 1958ರಲ್ಲಿ ಸ್ಟೀರಿಯೊಗಾಗಿ ಇಷ್ಟನ್ನೂ ಮತ್ತೆ ಮಾಡಿದರು!

ಎಪ್ಪತ್ತರ ದಶಕದ ಕೊನೆಗೆ ಎರಿಕ್ ಕುಂಜೆಲ್ ನಿರ್ದೇಶನದ ಟೆಲಾರ್ಕ್ ಮುದ್ರಣ ಬಂತು. ಆ ಗ್ರಾಮಫೋನ್ ತಟ್ಟೆಯಲ್ಲಿ ಫಿರಂಗಿಯ ಗೀರುಗಳು ಬರಿಗಣ್ಣಿಗೇ ಕಾಣುತ್ತವೆ. ಸದ್ದು ಜೋರಾದಷ್ಟೂ ಗೀರಿನ ಓಲಾಟ ಅಗಲವಾಗುತ್ತದೆ. ಎಷ್ಟೋ ಪ್ಲೇಯರುಗಳಲ್ಲಿ ಸೂಜಿಯೇ ನೆಗೆದುಬಿತ್ತು. ಸ್ಪೀಕರ್ ಜೋಪಾನ ಎಂಬ ಎಚ್ಚರಿಕೆಯನ್ನೂ ಅಚ್ಚು ಹಾಕಿದ್ದರು.

ಮಕ್ಕಳು ನೇರವಾಗಿ ಫಿರಂಗಿಯ ಜಾಗಕ್ಕೇ ಓಡಿಸಿ ಕೇಳುವುದುಂಟು. ಅದು ಊಟ ಬಿಟ್ಟು ಉಪ್ಪಿನಕಾಯಿ ನೆಕ್ಕಿದಂತೆ. ಕೃತಿ ಶುರುವಾಗುವುದು ಕೆಲವೇ ವಯೋಲ, ಚೆಲ್ಲೊಗಳ ಮೆಲುದನಿಯ ಪ್ರಾರ್ಥನೆಯಿಂದ. ಕೊನೆಯಲ್ಲಿ ಅದೇ ಪ್ರಾರ್ಥನೆ ಗಂಟೆಗಳೊಡನೆ ಭೋರ್ಗರೆದು ಮರಳುತ್ತದೆ. ಮೊದಲಿನದನ್ನು ಕೇಳದವನಿಗೆ ಅದು ಬರೀ ಗದ್ದಲ. ಚೈಕೋವ್‌ಸ್ಕಿಯೇ ಇದನ್ನು ಅಬ್ಬರದ ಕೃತಿಯೆಂದು ಪತ್ರದಲ್ಲಿ ಹಳಿದಿದ್ದ. ತನಗೆ ತಾನೇ ಕೊಂಚ ಅನ್ಯಾಯ ಮಾಡಿಕೊಂಡ.

ತಂದೆತಾಯಿ ಒಂದು ಕೆಲಸ ಮಾಡಬಹುದು. ಆರಂಭದ ಚೆಲ್ಲೊ ಹಿತವಾಗಿ ಕೇಳಿಸುವಷ್ಟಕ್ಕೆ ಧ್ವನಿಯ ಗುಂಡಿ ತಿರುಗಿಸಿ, ಮಕ್ಕಳ ಪಕ್ಕದಲ್ಲೇ ಹದಿನೈದು ನಿಮಿಷ ಅದನ್ನು ಮುಟ್ಟದೆ ಕೂರುವುದು.