ಜಟಾಯುವಿನ ಬೆಟ್ಟದಲ್ಲಿ ನನ್ನನ್ನೇ ಕೇಳಿಕೊಂಡದ್ದು

ತರೀಕೆರೆ ಸೀಮೆಯ ನಮ್ಮಂಥವರಿಗೆ ರಾಮಾಯಣ ಕಿವಿಗೆ ಬಿದ್ದಂತೆಯೇ ಕಣ್ಣಿಗೂ ಬಿದ್ದಿರುತ್ತದೆ. ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಅಮೃತಾಪುರದ ಗುಡಿಯಲ್ಲಿ ರಾಮನ ಕಥೆಗೆಂದೇ 70 ಫಲಕಗಳಿವೆ. ಅವನ್ನು ನೋಡುತ್ತ ಬೆಳೆದ ನನ್ನಲ್ಲಿ, ಇತಿಹಾಸ ಓದಿದ ಮೇಲೆ ಒಂದು ಪ್ರಶ್ನೆ ಬೇರೂರಿತು: ಇದೆಲ್ಲ ನಿಜವಾಗಿ ನಡೆದದ್ದೇ?

ಅದೇ ಪ್ರಶ್ನೆ ಹೊತ್ತು ಅಜ್ಜಂಪುರ ದಾಟಿ, ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿದೆ. ರಾವಣನೊಡನೆ ಹೋರಾಡಿ ಜಟಾಯು ಬಿದ್ದದ್ದು ಇಲ್ಲೇ ಎನ್ನುತ್ತಾರೆ ಅಲ್ಲಿನ ಜನ. ಗುಡಿಯ ಮೆಟ್ಟಿಲ ಮುಂದಿನ ಬಂಡೆಯ ಮೇಲೆ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಆ ಬಂಡೆಗೆ ಬಳೆಗಾರರ ಗುಂಡು ಎಂದೇ ಹೆಸರು. ಅಕ್ಷರಗಳು ಬಹಳ ಸವೆದಿವೆ.

ಆ ಸವೆದ ಅಕ್ಷರಗಳ ಮುಂದೆ ನಾನು ಪೂರ್ತಿ ಬಾಗಿದೆ. ಗುಡಿಯೊಳಗೆ ಕೈಮುಗಿದಾಗ ಮನಸ್ಸು ಅರ್ಧ ಹೊರಗೇ ಇತ್ತು. ಏಕೆ? ಶಾಸನಕ್ಕೆ ಪುರಾವೆಯಿದೆ, ಹಕ್ಕಿಗಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಆ ಉತ್ತರ ನಿಲ್ಲಲಿಲ್ಲ. ತಂದೆತಾಯಿಯರ ಮಾತು ಕೇಳು, ಜೀವಿಗಳಲ್ಲಿ ದಯೆಯಿರಲಿ, ಸತ್ಯವನ್ನೇ ನುಡಿ ಎನ್ನುತ್ತದೆ ಆ ಶಾಸನ. ಅದರ ಕಾಲವನ್ನೂ ಲಿಪಿಯನ್ನೂ ನಾನು ಬಲ್ಲೆ. ಅದು ನನಗೂ ಹೇಳಿದ ಮಾತೆಂದು ಎಂದೂ ಕೇಳಿಸಿಕೊಂಡಿರಲಿಲ್ಲ. ಜಟಾಯುವಿನ ಕಥೆಯನ್ನು ಸಂಶಯದಿಂದ ದೂರವಿಟ್ಟಂತೆ ಅಶೋಕನ ಮಾತನ್ನು ಪಾಂಡಿತ್ಯದಿಂದ ದೂರವಿಟ್ಟಿದ್ದೆ.

ಹಾಗೆಂದು ನಡೆದದ್ದೇ ಎಂಬ ಪ್ರಶ್ನೆ ವ್ಯರ್ಥವಲ್ಲ, ಅದು ನಮ್ಮಲ್ಲಿ ಮಾತ್ರ ಏಳುವುದೂ ಅಲ್ಲ. ಇಸ್ರೇಲಿನ ಮೆಗಿದ್ದೋ ದಿಬ್ಬದಲ್ಲಿ ಬೈಬಲಿನ ಸೊಲೊಮೋನ ಅರಸನ ಕಾಲದ ಕಟ್ಟಡಗಳು ಯಾವುವೆಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಆ ವಾದ ಬೇಕು. ಇಲ್ಲೇ ಹತ್ತಿರದ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ್ದರಿಂದಲೇ ಕಲ್ಲಿನ ಕೊಡಲಿಯ ಜನ, ಬೃಹತ್ ಶಿಲಾಸಮಾಧಿಗಳ ಜನ ಒಬ್ಬರ ಹಿಂದೊಬ್ಬರು ಬಾಳಿದ ಕ್ರಮ ನಮಗೆ ತಿಳಿಯಿತು. ನಡೆದದ್ದೇ ಎಂದು ಕೇಳುವುದನ್ನು ನಾನು ಬಿಡಲಾರೆ.

ಆದರೆ ಜಟಾಯು ಕೇಳುವುದು ಬೇರೆ. ತಾನು ಮುದುಕ, ಎದುರಿಗಿರುವವನು ಬಲಶಾಲಿ ಎಂದು ತಿಳಿದೂ ಆ ಹಕ್ಕಿ ಅಡ್ಡ ಬಂತು, ನೀನು ಬರುತ್ತೀಯಾ? ಇದಕ್ಕೆ ಉತ್ಖನನದಲ್ಲಿ ಉತ್ತರವಿಲ್ಲ, ನನ್ನ ಬದುಕಿನಲ್ಲಿ ಮಾತ್ರ ಇರಬೇಕು. ಪುರಾವೆ ಕೇಳುವುದನ್ನು ವಿದ್ಯೆ ನನಗೆ ಕಲಿಸಿತು. ಅಡ್ಡ ನಿಲ್ಲಬೇಕಾದ ಹೊತ್ತಿನಲ್ಲಿ ಆ ವಿದ್ಯೆಯೇ ನನಗೆ ನೆಪವಾಗಬಾರದು.